ಒಂದು ಪಿಕಪ್ ಪ್ರಸಂಗ

ಅಮೆರಿಕೆಗೆ ಹೋಗಿ ಬಂದವರು ಈ ಪತ್ರಿಕೆಯಲ್ಲಿ ಬರೆಯುವುದು ಹೊಸದೇನೂ ಅಲ್ಲ. ನಯಾಗರಾ ಜಲಪಾತ, ಸ್ವಾತಂತ್ರ್ಯ ದೇವಿಯ ಮೂರ್ತಿ, ಗ್ರ್ಯಾಂಡ್ ಕ್ಯಾನಿಯನ್ನಿನ ಮಹಾ ಕಮರಿ, ಇವನ್ನೆಲ್ಲ ನಮ್ಮ ಸಂಘದ ಸದಸ್ಯರು ಎಷ್ಟು ಸೊಗಸಾಗಿ ಬಣ್ಣಿಸಿದ್ದಾರೆಂದರೆ, ಹೋಗದವರೂ ನೋಡಿ ಬಂದಂತಾಗಿದೆ. ನಮ್ಮ ಪಾಲಿಗೆ ಇವುಗಳಲ್ಲಿ ಒಂದೂ ಒದಗಿ ಬರಲಿಲ್ಲ. ೨೦೨೩ರ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಆರು ವಾರ ಅರಿಜೋನಾ ರಾಜ್ಯದ ಟೂಸಾನ್ ಪಟ್ಟಣದಲ್ಲಿದ್ದು ನಾವು ಗಂಡಹೆಂಡಿರು ಕಣ್ಣುತುಂಬ ನೋಡಿ ಬಂದದ್ದು ಒಂದು ಹಳೆಯ ಪಿಕಪ್ ಗಾಡಿಯ ಹೊಟ್ಟೆಯ ಕೆಳಭಾಗವನ್ನು. ಆದ್ದರಿಂದ ಅದನ್ನೇ ಬರೆಯುತ್ತೇವೆ. ಇದನ್ನು ಬೇರೆ ಯಾರೂ ಬರೆದಿರಲಾರರು ಎಂಬ ಧೈರ್ಯವೊಂದಿದೆ.

ನಾವು ಎಂದರೆ ಇಬ್ಬರು ಎಂದು ವಾಚಕರು ತಿಳಿಯಬೇಕು. ನಮ್ಮಲ್ಲೊಬ್ಬರು ಮುಂಬಯಿಯ ಬಸ್ ಡಿಪೋ ಒಂದರ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ, ಕಮಾನಿ ಮತ್ತು ಬ್ರೇಕು ಇವೆರಡು ಸರಿಯಾಗಿದ್ದರೆ ಲೋಕವೆಲ್ಲ ಸರಿಯಾಗಿಯೇ ಇರುತ್ತದೆ ಎಂಬ ನಿರ್ಣಯಕ್ಕೆ ಬಂದವರು. ಇನ್ನೊಬ್ಬರು ಅಷ್ಟೇ ವರ್ಷ ಮನೆಯ ಜಮಾಖರ್ಚಿನ ಪುಸ್ತಕ ಬರೆದವರು. ಈ ಲೇಖನವನ್ನು ಒಬ್ಬರು ಹೇಳಿದ್ದಾರೆ, ಇನ್ನೊಬ್ಬರು ಬರೆದಿದ್ದಾರೆ. ಯಾವ ಮಾತು ಯಾರದೆಂಬುದು ಓದಿದವರಿಗೆ ತಾನಾಗಿಯೇ ತಿಳಿಯುತ್ತದೆ.

ಮಗ ೨೦೨೨ರ ಆಗಸ್ಟಿನಲ್ಲಿ ಜಲವಿಜ್ಞಾನ ಓದಲೆಂದು ಆ ಊರಿಗೆ ಹೋದ. ಅದಕ್ಕಾಗಿ ನಮ್ಮ ಡೊಂಬಿವಲಿಯ ಎರಡು ಕೋಣೆಯ ಮನೆ ಬ್ಯಾಂಕಿನಲ್ಲಿ ಒತ್ತೆ ಬಿದ್ದಿತು. ಸಾಲ ಇಪ್ಪತ್ತೆಂಟು ಲಕ್ಷ. ಇದನ್ನು ಇಲ್ಲಿ ಹೇಳುವುದು ಮರುಕ ಬೇಡುವುದಕ್ಕಲ್ಲ. ನಮ್ಮ ಕಟ್ಟಡದಲ್ಲಿಯೇ ಇಂಥ ಮೂರು ಮನೆಗಳಿವೆ. ಆದರೆ ಇಷ್ಟು ಹೇಳದೆ ಮುಂದಿನದು ಅರ್ಥವಾಗದು. ೨೦೨೩ರ ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ಮಗ ಫೋನಿನಲ್ಲಿ, "ಒಂದು ಗಾಡಿ ತೊಗೊಂಡೀನ್ರಿ ಅವ್ವಾ, ಹಳೇದು" ಎಂದ. ಅಲ್ಲಿ ಗಾಡಿಯಿಲ್ಲದೆ ಆಗುವುದಿಲ್ಲವೆಂದು ಎಲ್ಲರೂ ಹೇಳುತ್ತಾರೆ. ಏನೋ ಸಣ್ಣ ಕಾರು ಇರಬೇಕೆಂದು ನಾವೂ ಸುಮ್ಮನಾದೆವು.

ಟೂಸಾನಿಗೆ ಬಂದ ಮರುದಿನ ಬೆಳಿಗ್ಗೆ ಅದನ್ನು ತೋರಿಸಿದ. ಕಾರಲ್ಲ, ಪಿಕಪ್. ಮುಂದೆ ಕೂಡಲು ಗೂಡು, ಹಿಂದೆ ಸಾಮಾನು ಹೇರಲು ತೆರೆದ ತೊಟ್ಟಿ. ನಮ್ಮಲ್ಲಿ ತರಕಾರಿ ಮಾರುಕಟ್ಟೆಯ ಮುಂದೆ ಬೆಳಗಿನ ಜಾವ ನಿಲ್ಲುವ ಗಾಡಿಗಳ ಜಾತಿಯದೇ. ಫೋರ್ಡ್ ರೇಂಜರ್, ೨೦೦೧ರ ಮಾದರಿ, ಓಡಿದ್ದು ೧,೬೮,೦೦೦ ಮೈಲಿ. ಬಣ್ಣ ಒಂದು ಕಾಲಕ್ಕೆ ಹಸಿರಿದ್ದಿರಬೇಕು. ಅದೆಲ್ಲ ಸರಿ, ಆದರೆ ಅದು ನಿಂತಿದ್ದ ರೀತಿ ಮಾತ್ರ ವಿಚಿತ್ರ. ಕಾಲೆತ್ತಿ ಕೊಳಚೆ ದಾಟಲು ಹೊರಟವರ ಹಾಗೆ, ಪಕ್ಕದ ಗಾಡಿಗಳಿಗಿಂತ ಒಂದು ಗೇಣು ಮೇಲೆ.

"ಇದನ್ನ ಹತ್ತಬೇಕಾದ್ರ ಏಣಿ ಬೇಕಲ್ಲೋ ತಮ್ಮಾ?"

"ಲಿಫ್ಟ್ ಮಾಡೀನ್ರಿ ಅಪ್ಪಾ. ನಾನೇ ಮಾಡೀನಿ" ಎಂದು ಮಗ ಎದೆಯುಬ್ಬಿಸಿ ಹೇಳಿದ.

ಇಲ್ಲಿ ಸ್ವಲ್ಪ ವಿವರಣೆ ಬೇಕು. ಅಮೆರಿಕೆಯಲ್ಲಿ ಪಿಕಪ್ ಎಂಬುದು ಬರೀ ಸಾಮಾನಿನ ಗಾಡಿಯಲ್ಲ. ೧೯೨೫ರಲ್ಲಿ ಫೋರ್ಡ್ ಕಂಪನಿ ತನ್ನ ಟಿ ಮಾದರಿಯ ಕಾರಿಗೆ ಹಿಂದೆ ತೊಟ್ಟಿ ಕೂಡಿಸಿ ಕಾರ್ಖಾನೆಯಿಂದಲೇ ಮಾರತೊಡಗಿದಾಗ ಅದು ರೈತನ ಗಾಡಿಯಾಗಿತ್ತು. ಈಗ ಅಲ್ಲಿ ವಕೀಲರೂ ದಂತವೈದ್ಯರೂ ಪಿಕಪ್ಪಿನಲ್ಲಿ ಓಡಾಡುತ್ತಾರೆ. ತೊಟ್ಟಿಯಲ್ಲಿ ಒಂದು ಕಡ್ಡಿಯೂ ಇರುವುದಿಲ್ಲ. ಮಗನ ಗಾಡಿ ಆ ದೊಡ್ಡ ಜಾತಿಯದಲ್ಲ, ಸಣ್ಣದು. ಅದನ್ನು ಕಟ್ಟುತ್ತಿದ್ದ ಮಿನೆಸೋಟಾದ ಸೇಂಟ್ ಪಾಲ್ ಕಾರ್ಖಾನೆ ೨೦೧೧ರ ಡಿಸೆಂಬರಿನಲ್ಲಿ ಮುಚ್ಚಿಹೋಯಿತು. ಹಾಗಾಗಿ ಬಿಡಿಭಾಗಗಳನ್ನು ಗುಜರಿಯಲ್ಲಿ ಹುಡುಕುವುದು ಹುಡುಗರಿಗೆ ವಾಡಿಕೆ.

ಈ ಗಾಡಿಗಳನ್ನು ನೆಲದಿಂದ ಮೇಲೆತ್ತುವುದು ಅಲ್ಲಿಯ ಯುವಕರ ಒಂದು ಹುಚ್ಚು. ಮೂಲ ಉದ್ದೇಶ ಒಳ್ಳೆಯದೇ. ಕಲ್ಲುದಾರಿಯಲ್ಲಿ ಹೊಟ್ಟೆ ತಾಗಬಾರದು, ದಿಬ್ಬ ಹತ್ತುವಾಗ ಮೂತಿ ಬಡಿಯಬಾರದು, ದೊಡ್ಡ ಗಾಲಿ ಹಾಕಿದರೆ ಮಡ್‌ಗಾರ್ಡಿಗೆ ಉಜ್ಜಬಾರದು. ಕಳಸ, ಮೂಡಿಗೆರೆಯ ಕಡೆ ಕಾಫಿ ತೋಟದ ಜೀಪುಗಳನ್ನು ಬಲ್ಲವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಲ್ಲಿ ಹಣವುಳ್ಳವರು ಮೂರು ನಾಲ್ಕು ಸಾವಿರ ಡಾಲರು ಕೊಟ್ಟು ಇಡೀ ಕಮಾನಿ, ಶಾಕ್ ಅಬ್ಸಾರ್ಬರ್ ಎಲ್ಲ ಬದಲಿಸುತ್ತಾರೆ. ಹಣವಿಲ್ಲದವರಿಗೆ, ಅಂದರೆ ವಿದ್ಯಾರ್ಥಿಗಳಿಗೆ, ಅಡ್ಡದಾರಿಗಳು ಹಲವು. ಚಾಸಿಗೂ ಮೇಲಿನ ಗೂಡಿಗೂ ನಡುವೆ ನೈಲಾನಿನ ದಪ್ಪ ಬಿಲ್ಲೆಗಳನ್ನಿಟ್ಟು ಗೂಡನ್ನಷ್ಟೇ ಮೇಲೆತ್ತಬಹುದು. ಮುಂದಿನ ಚಕ್ರಗಳಿಗೆ ಟಾರ್ಷನ್ ಬಾರ್ ಇರುವ ಗಾಡಿಯಾದರೆ, ಅಂದರೆ ಕಮಾನಿಯ ಬದಲು ತಿರುಚಿಕೊಂಡು ಭಾರ ಹೊರುವ ಉಕ್ಕಿನ ಸರಳು ಇದ್ದರೆ, ಒಂದು ಬೋಲ್ಟನ್ನು ಹೆಚ್ಚು ಬಿಗಿ ಮಾಡಿದರೆ ಸಾಕು, ಮೂತಿ ಏಳುತ್ತದೆ. ಖರ್ಚು ಸೊನ್ನೆ. ಮಗನ ಗಾಡಿಯಲ್ಲಿ ಈ ಸರಳು ಇತ್ತು. ಗೆಳೆಯನ ಸ್ಪ್ಯಾನರು ತಂದು ಅವನು ಅದನ್ನೇ ಮಾಡಿದ್ದ. ಹಿಂದುಗಡೆ ನಮ್ಮ ಬಸ್ಸುಗಳಲ್ಲಿರುವಂಥದೇ ಪಟ್ಟಿ ಕಮಾನಿ.

ಇಷ್ಟೆಲ್ಲ ಮಾಡಿದರೆ ನೆಲಕ್ಕೂ ಗಾಡಿಗೂ ನಡುವಿನ ಜಾಗ ಎಷ್ಟು ಹೆಚ್ಚುತ್ತದೆ? ಓದುಗರು ನಗಬಾರದು. ಹಿಂದಿನ ಆಕ್ಸಲ್ಲಿನ ನಡುವೆ ಗೇರುಗಳಿರುವ ಗುಂಡು ಇದೆಯಲ್ಲ, ಎಲ್ಲಕ್ಕಿಂತ ಕೆಳಗೆ ಜೋತು ಕಲ್ಲಿಗೆ ಬಡಿಯುವುದು ಅದೇ. ಅದು ಕಮಾನಿಯ ಕೆಳಗಿರುವುದರಿಂದ, ಕಮಾನಿಯನ್ನು ಎಷ್ಟು ಎತ್ತಿದರೂ ಅದು ಇದ್ದಲ್ಲೇ ಇರುತ್ತದೆ. ಅದನ್ನು ಎತ್ತಬಲ್ಲದ್ದು ಗಾಲಿಯೊಂದೇ. ಮೊದಲಿದ್ದ ಗಾಲಿಯ ಎತ್ತರ ಸುಮಾರು ೨೯ ಇಂಚು, ಮಗ ಹಾಕಿದ್ದು ೩೧ ಇಂಚು. ಅದರಲ್ಲಿ ಅರ್ಧ ಹಿಡಿಯಬೇಕು. ಎಂದರೆ ಒಂದು ಇಂಚು! ಈ ಲೆಕ್ಕವನ್ನು ಮೇಜಿನ ಮೇಲೆ ಬರೆದು ತೋರಿಸಿದಾಗ ಮಗ, "ಗೊತ್ತದರಿ ಅಪ್ಪಾ, ಎಲ್ಲಾರಿಗೂ ಗೊತ್ತದ" ಎಂದ. ಗೊತ್ತಿದ್ದೂ ಮಾಡುವುದಕ್ಕೇ ಹುಚ್ಚು ಎಂದು ಹೆಸರು.

ಆ ಒಂದು ಇಂಚಿಗೆ ತೆರಬೇಕಾದ ಸುಂಕವೂ ಉಂಟು. ಗಾಲಿ ದೊಡ್ಡದಾದ್ದರಿಂದ ಮೀಟರು ಅರವತ್ತು ಮೈಲಿ ತೋರಿಸುವಾಗ ಗಾಡಿ ನಿಜವಾಗಿ ಅರವತ್ನಾಲ್ಕರಲ್ಲಿ ಓಡುತ್ತಿರುತ್ತದೆ. ಪೊಲೀಸನಿಗೆ ಈ ಗಣಿತ ಬೇಕಾಗಿಲ್ಲ. ಪೆಟ್ರೋಲು ಹೆಚ್ಚು ಕುಡಿಯುತ್ತದೆ. ಹೆಡ್‌ಲೈಟು ಎದುರಿನವರ ಕಣ್ಣಿಗೇ ಹೊಡೆಯುತ್ತದೆ, ಕೆಳಗಿಳಿಸಿ ಕೂಡಿಸಬೇಕು. ಭಾರವೆಲ್ಲ ಮೇಲೆ ಹೋದದ್ದರಿಂದ ತಿರುವಿನಲ್ಲಿ ಮಗುಚುವ ಭಯ ಹೆಚ್ಚು. ಮುಂದಿನ ಚಕ್ರಗಳ ನೇರ ತಪ್ಪಿ ಟಾಯರು ಒಂದು ಮಗ್ಗುಲು ಸವೆಯುತ್ತದೆ. ಮಗ ಅಲೈನ್‌ಮೆಂಟ್ ಮಾಡಿಸಿರಲಿಲ್ಲ. ತೊಂಬತ್ತು ಡಾಲರು ಕೇಳುತ್ತಾರೆ, ಮುಂದಿನ ತಿಂಗಳು ನೋಡೋಣವೆಂದು ಬಿಟ್ಟಿದ್ದ.

ಇವೆಲ್ಲ ಇರಲಿ. ಇವು ಹುಡುಗರ ಆಟ, ನಡೆಯುತ್ತವೆ. ನಮ್ಮನ್ನು ಕಂಗೆಡಿಸಿದ್ದು ಬೇರೆ.

ಮೂರನೆಯ ದಿನ ಮಗ ಕ್ಲಾಸಿಗೆ ಹೋಗಿದ್ದಾಗ ನಮ್ಮಲ್ಲೊಬ್ಬರು ರಟ್ಟಿನ ಹಾಳೆಯೊಂದನ್ನು ಹಾಸಿಕೊಂಡು ಗಾಡಿಯ ಕೆಳಗೆ ಮಲಗಿ ನೋಡಿದರು. ಮೂವತ್ತೊಂದು ವರ್ಷದ ಚಟ, ಬಿಡುವುದಿಲ್ಲ. ಇನ್ನೊಬ್ಬರು ಬ್ಯಾಟರಿ ಹಿಡಿದು ನಿಂತರು. ಹಿಂದಿನ ಕಮಾನಿಗೂ ಆಕ್ಸಲ್ಲಿಗೂ ನಡುವೆ ಕಾರ್ಖಾನೆಯಿಂದಲೇ ಬಂದ ಲೋಹದ ಬ್ಲಾಕ್ ಒಂದಿತ್ತು. ಅದರ ಮೇಲೆ ಮಗ ಎರಡು ಇಂಚಿನ ಇನ್ನೊಂದು ಬ್ಲಾಕ್ ಏರಿಸಿ ಕೂಡಿಸಿದ್ದ. ಎಲ್ಲವನ್ನೂ ಹಿಡಿದಿದ್ದು ಹಳೆಯ ಯು-ಬೋಲ್ಟುಗಳು. ಅವುಗಳ ನಟ್ಟು ಹಲ್ಲಿನ ಕೊನೆಯಂಚಿಗೆ ಕಚ್ಚಿ ನಿಂತಿತ್ತು. ಬ್ರೇಕಿನ ರಬ್ಬರು ನಳಿಗೆ ವೀಣೆಯ ತಂತಿಯ ಹಾಗೆ ಬಿಗಿದಿತ್ತು.

ತಿಳಿಯದವರಿಗೆ ಇದರಲ್ಲೇನು ಎನಿಸಬಹುದು. ಗಾಡಿ ಓಡುವಾಗಲೂ ಬ್ರೇಕು ಹಾಕಿದಾಗಲೂ ಆಕ್ಸಲ್ಲು ತನ್ನ ಸುತ್ತಲೇ ತಿರುಗಲು ಹವಣಿಸುತ್ತದೆ. ಅದನ್ನು ತಡೆದು ನಿಲ್ಲಿಸುವುದು ಕಮಾನಿಯೇ. ನಡುವೆ ಬ್ಲಾಕ್ ಎತ್ತರವಾದಷ್ಟೂ ಆ ತಿರುಚುವ ಬಲಕ್ಕೆ ಹಾರೆಗೋಲು ಸಿಕ್ಕಿದ ಹಾಗೆ. ಒಂದರ ಮೇಲೊಂದು ಇಟ್ಟರಂತೂ ಜಾರಲು ಒಂದು ಮೇಲ್ಮೈ ಹೆಚ್ಚಾಯಿತು. ಒಮ್ಮೆ ಎಳೆದು ಬಿಗಿದ ಯು-ಬೋಲ್ಟು ಹಿಗ್ಗಿರುತ್ತದೆ, ಮತ್ತೆ ಅದೇ ಬಿಗಿತವನ್ನು ಹಿಡಿಯಲಾರದು. ಅದಕ್ಕೇ ಬಿಚ್ಚಿದ ಮೇಲೆ ಹೊಸದು ಹಾಕಬೇಕೆಂದು ವರ್ಕ್‌ಶಾಪಿನಲ್ಲಿ ಸೇರಿದ ವಾರದಲ್ಲೇ ಕಲಿಸುತ್ತಾರೆ. ಇಳಿಜಾರಿನಲ್ಲಿ ಗಟ್ಟಿಯಾಗಿ ಬ್ರೇಕು ತುಳಿದಾಗ ಆ ಬ್ಲಾಕ್ ಹೊರಗೆ ಹಾರಿತೆಂದರೆ ಆಕ್ಸಲ್ಲು ಓರೆಯಾಗುತ್ತದೆ, ಗಾಡಿ ಎತ್ತ ಹೋಗಬೇಕೆಂಬುದನ್ನು ಸ್ಟೀರಿಂಗು ನಿರ್ಧರಿಸುವುದಿಲ್ಲ.

ಆ ಶನಿವಾರ ಮಗ ಮೂವರು ಗೆಳೆಯರನ್ನು ಕೂಡಿಸಿಕೊಂಡು ಊರಿನ ಪೂರ್ವಕ್ಕಿರುವ ರೆಡಿಂಗ್‌ಟನ್ ಘಾಟಿಗೆ ಹೋಗುವವನಿದ್ದ. ಅದು ಡಾಂಬರಿಲ್ಲದ ಗುಡ್ಡದ ದಾರಿ.

ಇಂಥ ಗಾಡಿಯನ್ನು ಯಾರೂ ತಡೆದು ನೋಡುವುದಿಲ್ಲವೇ ಎಂದು ನಮಗೆ ಅಚ್ಚರಿ. ವಿಚಾರಿಸಿದರೆ, ಆ ರಾಜ್ಯದಲ್ಲಿ ವರ್ಷಕ್ಕೊಮ್ಮೆ ಗಾಡಿಯ ಬ್ರೇಕು ಕಮಾನಿ ತಪಾಸಣೆ ಮಾಡುವ ಪದ್ಧತಿಯೇ ಇಲ್ಲ! ಟೂಸಾನ್ ಮತ್ತು ಫೀನಿಕ್ಸ್ ಸುತ್ತಮುತ್ತ ಹೊಗೆಯ ಪರೀಕ್ಷೆ ಮಾತ್ರ ಉಂಟು. ಹೊಗೆ ಶುದ್ಧವಾಗಿದ್ದರೆ ಚಕ್ರ ಕಳಚಿ ಬಿದ್ದರೂ ಅವರವರ ಪುಣ್ಯ. ನಮ್ಮಲ್ಲಿ ಇದಕ್ಕೆ ತದ್ವಿರುದ್ಧ. ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನ ಪ್ರಕಾರ ಕಾರ್ಖಾನೆಯವರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಕಾಯಿದೆ ಇದ್ದ ಮಾತ್ರಕ್ಕೆ ನಮ್ಮ ರಸ್ತೆಗಳಲ್ಲಿ ಏನೇನು ಓಡುತ್ತದೆಂಬುದನ್ನು ನಾವು ಬಲ್ಲೆವು. ಆ ಮಾತು ಇಲ್ಲಿ ಬೇಡ.

ಸಂಜೆ ಮಗ ಬಂದಾಗ ಮಾತು ಚೆನ್ನಾಗಿ ಆರಂಭವಾಗಲಿಲ್ಲ. "ಈ ಗಾಡಿ ನಾಳಿಂದ ಹೊರಗ ಹೋಗಬಾರದು" ಎಂದದ್ದಕ್ಕೆ ಅವನು, "ಇಲ್ಲಿ ಎಲ್ಲಾರೂ ಹಿಂಗ ಮಾಡ್ತಾರ್ರಿ ಅಪ್ಪಾ. ನಿಮ್ಮ ಬಸ್ ಬ್ಯಾರೆ, ಇದು ಬ್ಯಾರೆ" ಎಂದ. "ಕಮಾನಿಗೆ ಅದೇನು ಗೊತ್ತಿರ್ತದೋ, ತಾ ಬಸ್ಸಿನ್ಯಾಗ ಅದೀನೋ ಪಿಕಪ್ಪಿನ್ಯಾಗ ಅದೀನೋ ಅಂತ?" ಎಂಬ ಉತ್ತರ ಹೋಯಿತು. ಹೀಗೇ ಸ್ವಲ್ಪ ಹೊತ್ತು. ಇಪ್ಪತ್ನಾಲ್ಕು ವರ್ಷದ ಮಗ, ತನ್ನ ಕೈಯಿಂದ ಮೊದಲ ಬಾರಿ ಕಬ್ಬಿಣ ಮುಟ್ಟಿ ಮಾಡಿದ ಕೆಲಸ. ಅದನ್ನು ತಂದೆಯೇ ಬಂದು ಮೂರನೆಯ ದಿನ ತಪ್ಪೆಂದರೆ ಅವನಿಗೆ ಹೇಗಾದೀತು ಎಂಬುದು ನಮಗೂ ತಿಳಿಯುತ್ತಿತ್ತು. ತಿಳಿದರೂ ಬ್ಲಾಕ್ ಬ್ಲಾಕೇ ತಾನೆ.

ಆಮೇಲೆ ಹಣದ ಮಾತು ಬಂದಿತು. ಬರಬಾರದಿತ್ತು ಎನ್ನಲಾರೆವು, ಬಂದೇ ಬರುತ್ತದೆ. ಗಾಡಿಗೆ ೩,೪೦೦ ಡಾಲರು, ಹಳೆಯ ಗಾಲಿ ನಾಲ್ಕಕ್ಕೆ ೨೬೦, ಆ ದರಿದ್ರ ಬ್ಲಾಕುಗಳಿಗೆ ೩೮. ಒಟ್ಟು ೩,೬೯೮. ಆಗಿನ ದರ ಡಾಲರಿಗೆ ಎಂಬತ್ತಮೂರು ರೂಪಾಯಿಯಂತೆ ಮೂರು ಲಕ್ಷ ಏಳು ಸಾವಿರದ ಹತ್ತಿರ. "ಇದು ಸಾಲದ ರೊಕ್ಕ ಏನೋ?" ಎಂದು ಕೇಳಿದಾಗ ಮಗ ಏನೂ ಹೇಳದೆ ಒಳಗೆ ಹೋಗಿ ಒಂದು ನೋಟುಪುಸ್ತಕ ತಂದು ಮುಂದಿಟ್ಟ.

ನಮ್ಮ ಮನೆಯ ಜಮಾಖರ್ಚಿನ ಪುಸ್ತಕದ ಹಾಗೆಯೇ ಎರಡು ಅಂಕಣ ಎಳೆದು ಬರೆದಿದ್ದ. ಹೋದ ದಿನದಿಂದ ಒಂದು ದಿನವೂ ಬಿಟ್ಟಿರಲಿಲ್ಲ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ, ಗಂಟೆಗೆ ಹದಿನಾಲ್ಕು ಡಾಲರು. ವಿದ್ಯಾರ್ಥಿ ವೀಸಾದವರು ಪಾಠ ನಡೆಯುವಾಗ ವಾರಕ್ಕೆ ಇಪ್ಪತ್ತು ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಬೇಸಿಗೆಯ ರಜೆಯಲ್ಲಿ ಪೂರ್ತಿ ದುಡಿಯಬಹುದು. ಗಾಡಿಯ ಒಂದೊಂದು ಡಾಲರೂ ಆ ಅಂಕಣದಿಂದಲೇ ಬಂದಿತ್ತು. ಸಾಲದ ಹಣ ಬೇರೆ ಪುಟದಲ್ಲಿ, ಫೀಜಿನ ರಸೀತಿಯ ನಂಬರಿನ ಸಮೇತ. ಊಟದ ಪುಟದಲ್ಲಿ ಅಕ್ಕಿ, ಬೇಳೆ, ಅಲಸಂದಿಯಂಥ ಒಂದು ಕಾಳು; ಮತ್ತೆ ಅಕ್ಕಿ, ಬೇಳೆ, ಅದೇ ಕಾಳು.

ಮೇ ತಿಂಗಳ ಪುಟದಲ್ಲಿ ಒಂದು ಸಾಲು ಹೀಗಿತ್ತು: 'ಊರಿಗೆ ಟಿಕೆಟ್ ೧,೪೫೦. ಈ ವರ್ಷ ಬ್ಯಾಡ.'

ಆ ಬೇಸಿಗೆಯಲ್ಲಿ ಪ್ರೊಫೆಸರು ರಜೆ ಕೊಡುವುದಿಲ್ಲವೆಂದು ಅವನು ನಮಗೆ ಹೇಳಿದ್ದ. ಧಾರವಾಡದಲ್ಲಿ ಎಂಬತ್ತಾರು ವರ್ಷದ ಅವನ ಅಜ್ಜಿ, ಮೊಮ್ಮಗ ಬರುತ್ತಾನೆಂದು ಜೂನ್ ತಿಂಗಳೆಲ್ಲ ಹೇಳುತ್ತ ಕೂತಿದ್ದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪುಟ ತಿರುವಿ ಹಾಕಿದೆವು. ಆ ಸಾಲಿನ ವಿಷಯ ಅಂದೂ ಕೇಳಲಿಲ್ಲ, ಇಂದಿಗೂ ಕೇಳಿಲ್ಲ. ಅವನು ಈ ಲೇಖನ ಓದಿದರೆ ನಾವು ಕಂಡೆವೆಂಬುದು ಗೊತ್ತಾಗುತ್ತದೆ.

ಒಂದು ಮಾತು ಮಾತ್ರ ಕೇಳಿದೆವು. "ಇಷ್ಟ ಎತ್ತರ ಯಾಕೋ ತಮ್ಮಾ?" ಮೊದಲು ಹೊಳೆಯ ಮರಳಿನಲ್ಲಿ ಅಳತೆ ಕೆಲಸಕ್ಕೆ ಬೇಕು ಎಂದ. ಅವನ ವ್ಯಾಸಂಗವೇನೋ ಮಳೆಗಾಲದಲ್ಲಷ್ಟೇ ಹರಿಯುವ ಒಣಹೊಳೆಗಳ ಬಗ್ಗೆ. ಆದರೆ ಆ ಕೆಲಸಕ್ಕೆ ವಿಭಾಗದ ಗಾಡಿಯೇ ಇದೆ ಎಂದು ಅವನೇ ಹಿಂದೆ ಹೇಳಿದ್ದನಲ್ಲ! ಸ್ವಲ್ಪ ತಡೆದು, "ಒಂದು ವರ್ಷ ನಡದ ಅಡ್ಡಾಡೀನ್ರಿ ಅವ್ವಾ. ಬಿಸಲಾಗ ರಸ್ತೆ ಬದಿಗೆ ನಾನೊಬ್ಬನ. ಎಲ್ಲಾ ಗಾಡಿ ನನ್ನಕಿಂತ ಎತ್ತರ" ಎಂದ. ಅಲ್ಲಿ ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವುದು ನಿತ್ಯದ ಮಾತು. ಬಸ್ಸುಗಳಿಗೆ ೨೦೨೦ರಿಂದ ಟಿಕೆಟ್ಟೇ ಇರಲಿಲ್ಲ, ಯಾರು ಬೇಕಾದರೂ ಹತ್ತಬಹುದಾಗಿತ್ತು. ಬಸ್ಸಿನ ಅನ್ನ ಉಂಡ ನಮಗೆ ಇದು ಕೇಳಿ ಸಂತೋಷವಾಯಿತು. ಆದರೆ ಅದು ಬರುವ ಹೊತ್ತಿಗೆ ಕಾಯುವುದಿತ್ತಲ್ಲ, ಅದು ಪುಕ್ಕಟೆಯಾಗಿರಲಿಲ್ಲ.

ಸರಿ, ಎತ್ತರ ಬೇಕು ಎಂದಾದರೆ ಎತ್ತರವೇ ಇರಲಿ, ಆದರೆ ಕಮಾನಿಯಿಂದ ಬರಲಿ, ಬ್ಲಾಕಿನಿಂದ ಬೇಡ ಎಂದು ತೀರ್ಮಾನವಾಯಿತು. ಶನಿವಾರದ ಘಾಟಿ ಪ್ರಯಾಣ ರದ್ದಾಯಿತು. ಗೆಳೆಯರಿಗೆ ಅವನೇ ಫೋನು ಮಾಡಿ ಹೇಳಿದ. ಏನೆಂದು ಹೇಳಿದನೋ ನಾವು ಕೇಳಿಸಿಕೊಳ್ಳಲಿಲ್ಲ.

ಆ ಶನಿವಾರ ನಾವು ಹೋದದ್ದು ಗುಜರಿಗೆ. ಕುರ್ಲಾದ ಗುಜರಿಯನ್ನು ಕಂಡವರೂ ಇದನ್ನು ನೋಡಬೇಕು. ಬಾಗಿಲಲ್ಲಿ ತಲೆಗೆ ಎರಡು ಡಾಲರು ಕೊಟ್ಟು ಒಳಗೆ ಹೋಗಬೇಕು. ಮೈದಾನದ ತುಂಬ ಸತ್ತ ಗಾಡಿಗಳು, ಕಂಪನಿವಾರು ಸಾಲು ಸಾಲಾಗಿ, ಚಕ್ರ ತೆಗೆದು ಕಬ್ಬಿಣದ ಕಾಲುಗಳ ಮೇಲೆ ನಿಲ್ಲಿಸಿರುತ್ತಾರೆ. ನಮ್ಮ ಸಲಕರಣೆ ನಾವೇ ಒಯ್ಯಬೇಕು, ಬೇಕಾದ ಭಾಗವನ್ನು ನಾವೇ ಬಿಚ್ಚಬೇಕು, ಹೊರಗೆ ಬರುವಾಗ ಹಣ ಕೊಡಬೇಕು. ಚೌಕಾಶಿ ಇಲ್ಲ. ಭಾಗಕ್ಕೊಂದು ದರ, ಅದು ಯಾವ ಗಾಡಿಯದಾದರೂ ಸರಿ. ಕೂಗಾಟವಿಲ್ಲ, ಚಹಾದ ಹುಡುಗನಿಲ್ಲ. ಮಸೀದಿಯಲ್ಲಿದ್ದಂಥ ಮೌನ, ನಡುನಡುವೆ ಸುತ್ತಿಗೆಯ ಸದ್ದು. ಕುಟುಂಬ ಸಮೇತ ಬಂದವರೂ ಇದ್ದರು. ಒಬ್ಬಾಕೆ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಗಂಡನಿಗೆ ಸ್ಪ್ಯಾನರು ಎತ್ತಿ ಕೊಡುತ್ತಿದ್ದಳು.

ಮುಂಬಯಿಯಲ್ಲಿ ಕಬ್ಬಿಣ ಬಿಚ್ಚಿದವರಿಗೆ ಅಲ್ಲಿ ಕಾದಿದ್ದ ಅಚ್ಚರಿ ಇನ್ನೊಂದು. ಇಪ್ಪತ್ತು ವರ್ಷದ ಹಳೆಯ ನಟ್ಟು, ಸ್ಪ್ಯಾನರು ಹಾಕಿ ಒಂದು ಸಲ ಜಗ್ಗಿದರೆ ಬೆಣ್ಣೆಯ ಹಾಗೆ ಬಿಚ್ಚಿ ಬರುತ್ತದೆ. ತುಕ್ಕೇ ಇಲ್ಲ! ಮರುಭೂಮಿಯ ಒಣ ಹವೆ. ನಮ್ಮಲ್ಲಿ ಸಮುದ್ರದ ಗಾಳಿಗೆ ಎರಡು ಮಳೆಗಾಲದಲ್ಲಿ ನಟ್ಟೂ ಬೋಲ್ಟೂ ಒಂದೇ ದೇಹವಾಗಿ, ಗ್ಯಾಸಿನಿಂದ ಸುಟ್ಟೇ ತೆಗೆಯಬೇಕು. ನಮ್ಮಲ್ಲೊಬ್ಬರು ಆ ದಿನ ಬರೀ ಸಂತೋಷಕ್ಕೆಂದು ಬೇಡವಾದ ನಾಲ್ಕು ನಟ್ಟನ್ನೂ ಬಿಚ್ಚಿ ನೋಡಿದರು.

ಅದೇ ಜಾತಿಯ ಇನ್ನೊಂದು ಗಾಡಿಯ ಹಿಂದಿನ ಕಮಾನಿ ಜೋಡಿ ಸಿಕ್ಕಿತು, ಐವತ್ತು ಡಾಲರಿಗೆ. ಅದರಿಂದ ಎರಡನೆಯ ಪಟ್ಟಿಯನ್ನು ತೆಗೆದು, ತುದಿ ಕೊಯ್ದು ಅಳತೆಗೆ ತಂದು, ಮಗನ ಗಾಡಿಯ ಕಮಾನಿಯಲ್ಲಿ ಸೇರಿಸುವುದು ನಮ್ಮ ಯೋಜನೆ. ಒಂದು ಪಟ್ಟಿ ಹೆಚ್ಚಾದರೆ ಕಮಾನಿ ಬಾಗು ಬಿಗಿದು ಒಂದು ಒಂದೂಕಾಲು ಇಂಚು ಏಳುತ್ತದೆ. ಖಾಲಿ ಗಾಡಿ ಸ್ವಲ್ಪ ಕುಲುಕುತ್ತದೆ ನಿಜ, ಆದರೆ ಯಾವುದೂ ಜಾರುವ ಮಾತಿಲ್ಲ.

ಹೊಸ ಯು-ಬೋಲ್ಟಿಗಾಗಿ ಊರಿನ ದಕ್ಷಿಣಕ್ಕಿದ್ದ ಕಮಾನಿ ಅಂಗಡಿಯೊಂದಕ್ಕೆ ಹೋದೆವು. ಇದರ ಬಗ್ಗೆ ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ. ತಗಡಿನ ಶೆಡ್ಡು, ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಯ ಮೇಲೆ ಮೇರಿಮಾತೆಯ ಚಿತ್ರ. ಅಮೆರಿಕೆಯೆಂಬುದೇ ಮರೆತು ಕುರ್ಲಾಕ್ಕೆ ಬಂದಂತಾಯಿತು. ಮಾಲಿಕ ಮೆಕ್ಸಿಕೋ ಮೂಲದ ಮುದುಕ, ಇಂಗ್ಲಿಷು ಅಷ್ಟಕ್ಕಷ್ಟೇ. ನಮ್ಮದೂ ಹಾಗೆಯೇ. ನಾವು ಒಯ್ದಿದ್ದ ಹಳೆಯ ಬೋಲ್ಟನ್ನು ಕೈಗೆತ್ತಿಕೊಂಡು, ಹಲ್ಲಿನ ಮೇಲೆ ಉಗುರೆಳೆದು ನೋಡಿ, ತಲೆಯಲ್ಲಾಡಿಸಿ ಬದಿಗೆಸೆದ. ಮಗ ಫೋನಿನಲ್ಲಿ ತೆಗೆದಿದ್ದ ಎರಡು ಬ್ಲಾಕುಗಳ ಚಿತ್ರ ತೋರಿಸಿದಾಗ, ಮುದುಕ ನಮ್ಮ ಕಡೆ ನೋಡಿದ, ಮಗನ ಕಡೆ ನೋಡಿದ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಮೂರು ದಿನದಿಂದ ನಾವು ಹೇಳಿದ್ದನ್ನೆಲ್ಲ ಅವನು ಒಂದೇ ಸನ್ನೆಯಲ್ಲಿ ಹೇಳಿಬಿಟ್ಟ. ಮಗನಿಗೆ ನಗು ಬಂದಿತು. ನಾವು ಹೇಳಿದ್ದಕ್ಕೆ ಬಾರದ ನಗು!

ಉಕ್ಕಿನ ಸರಳನ್ನು ಅಳೆದು ಕೊಯ್ದು, ಯಂತ್ರದಲ್ಲಿಟ್ಟು ನಮ್ಮ ಕಣ್ಣೆದುರಿಗೇ ಬಗ್ಗಿಸಿ ಕೊಟ್ಟ. ಕಮಾನಿಯನ್ನು ತೋರಿಸಿ ಅವನು 'ಮುಯೆಯೆ' ಎಂದ. ನಮ್ಮಲ್ಲೊಬ್ಬರು 'ಕಮಾನಿ' ಎಂದರು. ಇಬ್ಬರೂ ಒಬ್ಬರ ಮಾತನ್ನು ಒಬ್ಬರು ಎರಡು ಮೂರು ಸಲ ಹೇಳಿ ಬಾಯಿಪಾಠ ಮಾಡಿಕೊಂಡರು. ನಾಲ್ಕು ಬೋಲ್ಟಿಗೆ ಐವತ್ತಾರು ಡಾಲರು. ನಡುವಿನ ಬೋಲ್ಟುಗಳೆರಡಕ್ಕೆ ಎಂಟು. ಮುದುಕ ಚಿಲ್ಲರೆ ಕೊಡುತ್ತ ಮಗನಿಗೆ ಏನೋ ಹೇಳಿದ. ಏನೆಂದು ಕೇಳಿದರೆ, "ನೂರು ಮೈಲಿ ಓಡಿಂದ ಮತ್ತ ಬಿಗಿ ಮಾಡು ಅಂದಾರ್ರಿ" ಎಂದ. ಅದನ್ನು ನಾವೂ ಹೇಳುವವರಿದ್ದೆವು.

ಬಾಡಿಗೆ ಮನೆಯ ಕರಾರಿನ ಪ್ರಕಾರ ಅಲ್ಲಿಯ ಪಾರ್ಕಿಂಗಿನಲ್ಲಿ ಗಾಡಿ ರಿಪೇರಿ ಮಾಡಕೂಡದು. ಆದ್ದರಿಂದ ಭಾನುವಾರ ಸಹಪಾಠಿಯೊಬ್ಬನ ಮನೆಯ ಹಿತ್ತಲಿನಲ್ಲಿ ಕೆಲಸ. ಬ್ಲಾಕ್ ಇಡು ಎಂದು ಸಲಹೆ ಕೊಟ್ಟಿದ್ದವನೂ ಈ ಹುಡುಗನೇ. ಒಳ್ಳೆಯ ಹುಡುಗ, ಸ್ಪ್ಯಾನರುಗಳು ಎಲ್ಲ ಅಳತೆಯವೂ ಇದ್ದವು. ಚಾಸಿಯ ಕೆಳಗೆ ಗಟ್ಟಿ ಸ್ಟ್ಯಾಂಡುಗಳನ್ನು ಕೊಟ್ಟು, ಜಾಕನ್ನು ಆಕ್ಸಲ್ಲಿಗೆ ಮಾತ್ರ ಬಳಸಿದೆವು. ಜಾಕನ್ನು ನಂಬಿ ಗಾಡಿಯ ಕೆಳಗೆ ಹೋಗುವವರಿಗೆ ಡಿಪೋದಲ್ಲಿ ಒಂದು ದಿನದ ಸಂಬಳ ಕಡಿತವಾಗುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ಹಿಡಿದದ್ದು ಮುಗಿಯುವಾಗ ಸಂಜೆ ಐದು. ನಮ್ಮಲ್ಲೊಬ್ಬರು ಮೊದಲ ಒಂದು ತಾಸು ಕೈ ಹಚ್ಚಿ, ಆಮೇಲೆ ಕುರ್ಚಿ ಹಾಕಿ ಕುಳಿತರು. ಕೆಲಸವೆಲ್ಲ ಮಗನೇ ಮಾಡಿದ. ಇನ್ನೊಬ್ಬರು ಅವಲಕ್ಕಿ ಹಚ್ಚಿ ಒಯ್ದಿದ್ದರು. ಆ ಸಹಪಾಠಿ ಅದನ್ನು ಮೂರು ತಟ್ಟೆ ತಿಂದ.

ಕೊನೆಗೆ ಗಾಡಿಯ ಭಾರ ಚಕ್ರದ ಮೇಲೆ ಬಿಟ್ಟು, ಎದುರುಬದುರು ನಟ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಯುತ್ತ ಬಂದ. ಕಾರ್ಖಾನೆಯ ಬ್ಲಾಕ್ ಒಂದೇ, ಮೇಲೆ ಹೊಸ ಪಟ್ಟಿ ಸೇರಿದ ಕಮಾನಿ. ಬ್ರೇಕಿನ ನಳಿಗೆ ಸಡಿಲವಾಗಿ ಉಸಿರಾಡಿತು. ಹಿಂದೆ ಮುಕ್ಕಾಲು ಇಂಚು ತಗ್ಗಿದ್ದರಿಂದ ಮುಂದಿನ ಸರಳಿನ ಬೋಲ್ಟನ್ನೂ ಅಷ್ಟಕ್ಕೆ ಸಡಿಲಿಸಿ, ಸೋಮವಾರ ಅಲೈನ್‌ಮೆಂಟ್ ಮಾಡಿಸಿದ್ದಾಯಿತು. ಗುಜರಿಯ ಪ್ರವೇಶ ಮೂವರಿಗೆ ಆರು ಸೇರಿಸಿ ಒಟ್ಟು ೨೧೦ ಡಾಲರು. ಇದನ್ನು ನಾವು ಕೊಡುತ್ತೇವೆಂದರೆ ಮಗ ಒಪ್ಪಲಿಲ್ಲ. ಅಲೈನ್‌ಮೆಂಟಿನ ತೊಂಬತ್ತನ್ನು ಮಾತ್ರ ಜುಲುಮೆಯಿಂದ ಕೊಟ್ಟೆವು. ಅವನ ಪುಸ್ತಕದಲ್ಲಿ ಅದು 'ಅಪ್ಪಾ-ಅವ್ವಾ ಕೈಗಡ' ಎಂದು ಜಮಾ ಆಯಿತು.

ಆ ರಾತ್ರಿ ಫೋನಿನಲ್ಲಿ ಧಾರವಾಡದ ಅಜ್ಜಿಗೆ ಗಾಡಿ ತೋರಿಸಿದ. ಅವರು ಬಹಳ ಹೊತ್ತು ನೋಡಿ, "ಲಾರಿ ತೊಗೊಂಡೀಯೇನೋ? ಓದೂದು ಬಿಟ್ಟೀಯೇನು?" ಎಂದರು.

ಮರುವಾರ ರೆಡಿಂಗ್‌ಟನ್ ಘಾಟಿಗೆ ನಮ್ಮನ್ನೇ ಕರೆದುಕೊಂಡು ಹೋದ. ಹಾಲಿನ ಪ್ಲಾಸ್ಟಿಕ್ ಕ್ರೇಟೊಂದನ್ನು ಬೋರಲು ಹಾಕಿ ಅದರ ಮೇಲೆ ಕಾಲಿಟ್ಟು ಹತ್ತಬೇಕು. ಮುಂದಿನ ಸೀಟು ಲೆಕ್ಕದವರಿಗೆ. ಕಮಾನಿಯವರು ಹಿಂದೆ ಮಡಚುವ ಹಲಗೆಯಂಥ ಸೀಟಿನ ಮೇಲೆ ಅಡ್ಡಲಾಗಿ, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು. ಡಾಂಬರು ಮುಗಿದ ಮೇಲೆ ಕಲ್ಲುಮಣ್ಣಿನ ದಾರಿ ಸುತ್ತಿ ಸುತ್ತಿ ಏರುತ್ತದೆ. ಎರಡೂ ಕಡೆ ಸವಾರೋ ಎಂಬ ಕಂಬದಂಥ ಕಳ್ಳಿಗಳು, ಕೈಯೆತ್ತಿ ನಿಂತ ಜನರ ಹಾಗೆ. ಕೈ ಒಡೆಯಬೇಕಾದರೆ ಅವಕ್ಕೆ ಐವತ್ತು ವರ್ಷಕ್ಕೂ ಮೇಲೆ ಬೇಕಂತೆ. ದಾರಿಯಲ್ಲಿ ಒಣಹೊಳೆಗಳನ್ನು ತೋರಿಸುತ್ತ ಮಗ ಪಾಠ ಹೇಳಿದ. ಜುಲೈಯಿಂದ ಸೆಪ್ಟೆಂಬರಿನವರೆಗೆ ಅಲ್ಲಿಯೂ ಮಳೆಗಾಲ, ಅದನ್ನು ಅವರೂ 'ಮಾನ್ಸೂನ್' ಎಂದೇ ಕರೆಯುತ್ತಾರೆ! ಗುಡ್ಡದಲ್ಲೆಲ್ಲೋ ಮಳೆ ಬಿದ್ದರೆ, ಬಿಸಿಲಿದ್ದ ಜಾಗದಲ್ಲಿಯೇ ಗೋಡೆಯ ಹಾಗೆ ನೀರು ಬರುತ್ತದಂತೆ. ಅಡ್ಡಗಟ್ಟೆ ಹಾಕಿದ್ದನ್ನು ಸುತ್ತುವರಿದು ನೀರಿಗಿಳಿದು ಸಿಕ್ಕಿಕೊಂಡವರಿಂದ ಬಿಡಿಸಿ ತಂದ ಖರ್ಚು ವಸೂಲು ಮಾಡುವ ಕಾನೂನು ಆ ರಾಜ್ಯದಲ್ಲಿದೆ. ಜನ ಅದನ್ನು 'ಮೂರ್ಖ ಚಾಲಕರ ಕಾನೂನು' ಎನ್ನುತ್ತಾರೆ. ಎತ್ತರದ ಗಾಡಿಯವರೇ ಹೆಚ್ಚು ಸಿಕ್ಕಿಬೀಳುತ್ತಾರೋ ಎಂದು ಕೇಳಿದೆವು. ಮಗ ಕನ್ನಡಿಯಲ್ಲಿ ಹಿಂದೆ ನೋಡಿ, ಉತ್ತರ ಕೊಡದೆ ಗೇರು ಬದಲಿಸಿದ.

ಇಳಿಯುವಾಗ ಒಂದು ಕಡೆ ಗಟ್ಟಿಯಾಗಿ ಬ್ರೇಕು ಹಾಕಬೇಕಾಯಿತು, ದನವೊಂದು ಅಡ್ಡ ಬಂದಿತ್ತು. ಗಾಡಿ ನೇರವಾಗಿ ನಿಂತಿತು. ಯಾರೂ ಏನೂ ಮಾತಾಡಲಿಲ್ಲ.

ಮಗನ ಓದು ೨೦೨೪ರ ಮೇ ತಿಂಗಳಲ್ಲಿ ಮುಗಿಯಿತು. ಈಗ ಫೀನಿಕ್ಸಿನಲ್ಲಿ ನೀರಾವರಿಗೆ ಸಂಬಂಧಿಸಿದ ಒಂದು ಸಣ್ಣ ಕಂಪನಿಯಲ್ಲಿದ್ದಾನೆ. ಬ್ಯಾಂಕಿನ ಕಂತು ಅವನೇ ಕಟ್ಟುತ್ತಿದ್ದಾನೆ. ಆ ವರ್ಷದ ಡಿಸೆಂಬರಿನಲ್ಲಿ ಬಂದು ಧಾರವಾಡದಲ್ಲಿ ಹನ್ನೊಂದು ದಿನ ಇದ್ದು ಹೋದ. ಗಾಡಿ ಇನ್ನೂ ಅವನ ಹತ್ತಿರವೇ ಇದೆ. ಆದರೆ ಆ ಹಳೆಯ ಗಾಲಿ ಕೊಳ್ಳುವಾಗ ನಾಲ್ಕೇ ಕೊಂಡಿದ್ದನಲ್ಲ, ಸ್ಟೆಪ್ನಿ ಇನ್ನೂ ಮೊದಲಿನ ಸಣ್ಣ ಅಳತೆಯದೇ. ನಾಲ್ಕೂ ಚಕ್ರ ಎಳೆಯುವ ಸ್ಥಿತಿಯಲ್ಲಿ ಒಂದು ಸಣ್ಣದಿದ್ದರೆ ಗೇರುಗಳು ತಿಣುಕುತ್ತವೆ, ಅಂಥ ಮರಳಿನ ದಾರಿಯಲ್ಲಿ ಪಂಕ್ಚರಾದರೆ ಗತಿಯೇನು? ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತೇವೆ. "ತೊಗೋತೀನ್ರಿ ಅಪ್ಪಾ, ಮುಂದಿನ ತಿಂಗಳಾ" ಎನ್ನುತ್ತಾನೆ.